ಕ್ಯಾಪ್ ಕಳಚುವ ಕಿಣ್ವವೂ ಭದ್ರಾವತಿ ಬಸ್ಸೂ

ಒಪ್ಪಂದ ಇಷ್ಟೇ. ಕಿರುಬೆರಳಿನ ತುದಿಯಷ್ಟಿರುವ ಒಂದು ಪ್ಲಾಸ್ಟಿಕ್ ಟ್ಯೂಬನ್ನು ಕೆಡದ ಹಾಗೆ ಭದ್ರಾವತಿಗೆ ಮುಟ್ಟಿಸಿದರೆ, ಅಲ್ಲಿನ ಒಂದು ಕಾಲೇಜಿನ ಹೊಸ ಲ್ಯಾಬಿಗೆ ಬೇಕಾದ ಸಾಮಾನೆಲ್ಲ ನನ್ನ ಅಂಗಡಿಯಿಂದ ಹೋಗುತ್ತದೆ. ಕೆಟ್ಟರೆ ಆ ವ್ಯಾಪಾರ ಬೆಂಗಳೂರಿನವರ ಪಾಲು. ಟ್ಯೂಬಿನೊಳಗೆ ಇದ್ದದ್ದು ಒಂದು ಕಿಣ್ವ, ಅಂದರೆ ಎನ್‌ಜೈಮು. ಅಳತೆಯಲ್ಲಿ ಕಣ್ಣಿಗೆ ಬಿಡುವ ಒಂದೆರಡು ತೊಟ್ಟು ಔಷಧಿಗಿಂತ ಹೆಚ್ಚಿರಲಿಲ್ಲ. ಬೆಲೆಗೆ ಆಗಿನ ಕಾಲದಲ್ಲಿ ಓಡುವ ಸ್ಥಿತಿಯ ಹಳೇ ಸ್ಕೂಟರೊಂದು ಬರುತ್ತಿತ್ತು.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬೀಕರು, ಪಿಪೆಟ್ಟು, ಫಾರ್ಮಲಿನ್ ಕ್ಯಾನು ಇಟ್ಟುಕೊಂಡು ಕೂತಂದಿನಿಂದ ನನಗೆ ಇಂಥ ಪ್ರಸಂಗಗಳಿಗೆ ಬರ ಬಿದ್ದದ್ದಿಲ್ಲ. ಗಾಜಿನ ಸಾಮಾನು ಮಾರುವವನ ಅಂಗಡಿಯಲ್ಲಿ ಆಗಾಗ ಏನಾದರೂ ಒಡೆಯುವುದು ಎಷ್ಟು ಸಹಜವೋ, ನಗುವಂಥದ್ದೊಂದು ನಡೆಯುವುದೂ ಅಷ್ಟೇ ಸಹಜ. ಒಮ್ಮೆ ಹೈಸ್ಕೂಲ್ ಮೇಷ್ಟ್ರೊಬ್ಬರು ಕೊಂಡ ಅಸ್ಥಿಪಂಜರವನ್ನು ಅವರ ಮನೆಯವರು ಒಳಗೆ ಬಿಡಲಿಲ್ಲ. ರಜೆ ಮುಗಿದು ಶಾಲೆ ಬಾಗಿಲು ತೆಗೆಯುವವರೆಗೆ ಅದು ನನ್ನ ಅಂಗಡಿಯ ಬಾಗಿಲಲ್ಲೇ ನಿಂತಿತ್ತು. ಅಷ್ಟು ದಿನ ಚಂದಾ ಕೇಳುವವರು ಯಾರೂ ಒಳಗೆ ಕಾಲಿಡಲಿಲ್ಲ.

ಆದರೆ ಆ ಟ್ಯೂಬು ಕೊಟ್ಟಷ್ಟು ಪ್ರಸಂಗಗಳನ್ನು ಅಸ್ಥಿಪಂಜರ ಕೂಡ ಕೊಟ್ಟಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಎಸ್‌ಟಿಡಿ ಬೂತ್‌ಗಳು ಇನ್ನೂ ಬಾಗಿಲು ಹಾಕಿರಲಿಲ್ಲ. ಮೊಬೈಲ್ ಇದ್ದವರು ಅದು ಎಲ್ಲರಿಗೂ ಕಾಣಲಿ ಎಂದು ತೆಳು ಬಟ್ಟೆಯ ಅಂಗಿ ಹೊಲಿಸುತ್ತಿದ್ದ ಕಾಲ.

೧. ಮೂಟೆಯ ಸೀಲು

ಒಂದು ಬೆಳಿಗ್ಗೆ ಭದ್ರಾವತಿಯ ಆ ಕಾಲೇಜಿನಿಂದ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ಬಂದಳು. ಕೈಯಲ್ಲಿ ಅಮೆರಿಕದ ಕಂಪನಿಯೊಂದರ ಕ್ಯಾಟಲಾಗಿನ ಜೆರಾಕ್ಸು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಸರ್, ಟೊಬ್ಯಾಕೊ ಆಸಿಡ್ ಪೈರೋಫಾಸ್ಫಟೇಸ್ ಸಿಗುತ್ತಾ?" ಅಂದಳು.

"ಸಿಗುತ್ತೆ. ಏನದು?" ಅಂದೆ. ವ್ಯಾಪಾರದಲ್ಲಿ ಈ ಎರಡು ಮಾತು ಇದೇ ಕ್ರಮದಲ್ಲಿ ಬರಬೇಕು. ಹಿಂದುಮುಂದಾದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಹುಡುಗಿ ಸ್ಟೂಲ್ ಎಳೆದುಕೊಂಡು ಕೂತು ಹೇಳಿದಳು. ಹೊಳಲೂರಿನ ಕಡೆ ಒಂದು ಭತ್ತದ ತಳಿಯಿದೆಯಂತೆ. ತುಂಗೆ ಉಕ್ಕಿ ಗದ್ದೆ ಮುಳುಗಿದರೂ ನೀರಿನಡಿಯಲ್ಲಿ ಸಾಯದೆ ಇರುತ್ತದಂತೆ. ಹೇಗೆ ಇರುತ್ತದೆ ಅನ್ನುವುದೇ ಅವಳ ಪಿಎಚ್‌ಡಿ. ಗಿಡದ ಜೀವಕೋಶದೊಳಗೆ ಡಿಎನ್‌ಎ ಕೂತಲ್ಲೇ ಕೂತಿರುತ್ತದೆ, ಮನೆಯ ಯಜಮಾನನ ಹಾಗೆ. ಕೆಲಸ ಆಗಬೇಕಾದರೆ ಅದು ಆರ್‌ಎನ್‌ಎ ಅನ್ನುವ ಸಂದೇಶ ಬರೆದು ಹೊರಗೆ ಕಳಿಸುತ್ತದೆ. ಆ ಸಂದೇಶದ ತಲೆಯ ಮೇಲೆ ಒಂದು ಕ್ಯಾಪ್. ಅದಿದ್ದರೆ ದಾರಿಯಲ್ಲಿ ಯಾರೂ ಅದನ್ನು ಕಡಿದು ತಿನ್ನುವುದಿಲ್ಲ.

"ಈ ಕಿಣ್ವ ಆ ಕ್ಯಾಪ್ ತೆಗೆಯುತ್ತೆ ಸರ್."

"ಅಲ್ಲಮ್ಮ, ಕಾಪಾಡೋದನ್ನ ತೆಗೆದು ಹಾಕೋದಕ್ಕೆ ಇಷ್ಟು ದುಡ್ಡು ಕೊಡ್ತೀರಾ?"

"ಎಲೆಯಿಂದ ತೆಗೆದಾಗ ಅರ್ಧ ಸಂದೇಶ ಮುರಿದು ಹೋಗಿರುತ್ತೆ ಸರ್. ಮುರಿದದ್ದಕ್ಕೆ ಕ್ಯಾಪ್ ಇರಲ್ಲ. ಪೂರ್ತಿ ಇರೋದಕ್ಕೆ ಮಾತ್ರ ಇರುತ್ತೆ. ಮೊದಲು ಮುರಿದವಕ್ಕೆ ಏನೂ ಅಂಟದ ಹಾಗೆ ಮಾಡ್ತೀವಿ. ಆಮೇಲೆ ಇದರಿಂದ ಕ್ಯಾಪ್ ತೆಗೆದು, ಆ ಜಾಗಕ್ಕೆ ನಮ್ಮದೊಂದು ಗುರುತು ಅಂಟಿಸ್ತೀವಿ. ಗುರುತು ಎಲ್ಲಿದೆಯೋ ಅಲ್ಲಿಂದ ಓದಿದ್ರೆ ಸಂದೇಶದ ಮೊದಲನೇ ಅಕ್ಷರ ಸಿಗುತ್ತೆ."

ನನಗೆ ಆಗ ಹೊಳೆಯಿತು. "ಗೊತ್ತಾಯ್ತು ಬಿಡು. ಮಿಲ್ಲಿನಿಂದ ಬಂದ ಮೂಟೆಗೆ ಬಾಯಲ್ಲಿ ಸೀಲ್ ಇರುತ್ತೆ. ಸೀಲ್ ಇದ್ರೆ ಪೂರ್ತಿ ಮೂಟೆ. ಇಲ್ಲದಿದ್ರೆ ಯಾರೋ ಬಿಚ್ಚಿ ಅರ್ಧ ಸುರಿದುಕೊಂಡಿದ್ದಾರೆ ಅಂತ ಲೆಕ್ಕ. ನೀನು ಸೀಲ್ ಇರೋ ಮೂಟೆ ಹುಡುಕಿ, ಸೀಲ್ ಕತ್ತರಿಸಿ, ಅಲ್ಲಿ ನಿನ್ನ ಚೀಟಿ ಕಟ್ತೀಯ."

"ಕರೆಕ್ಟ್ ಸರ್. ಅಷ್ಟೇ."

"ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಇದೇ ಕೆಲಸ ಮಾಡಿದವನ ಮೇಲೆ ಕೇಸ್ ಹಾಕಿದ್ರಮ್ಮ. ನಿಮ್ಮಲ್ಲಿ ಡಾಕ್ಟರೇಟ್ ಕೊಡ್ತಾರಾ?"

ಮಾರನೇ ದಿನ ಅವಳ ವಿಭಾಗದ ಮುಖ್ಯಸ್ಥೆ ಫೋನ್ ಮಾಡಿದರು. ಮಾತು ಕಡಿಮೆಯ ಹೆಂಗಸು. "ಹೊಸ ಲ್ಯಾಬಿಗೆ ಕೊಟೇಶನ್ ಕರೀತೀವಿ. ತಣ್ಣಗಿರಬೇಕಾದ ಮಾಲನ್ನ ತಣ್ಣಗೇ ತಲುಪಿಸಿ ಗೊತ್ತಿರೋರಿಗೆ ಮಾತ್ರ ಅವಕಾಶ. ಇದನ್ನ ತಲುಪಿಸಿ ತೋರಿಸಿ" ಅಂದು ಇಟ್ಟುಬಿಟ್ಟರು. ಹುಡುಗಿಯ ಫೆಲೋಶಿಪ್ ಆ ವರ್ಷಕ್ಕೆ ಮುಗಿಯುತ್ತಿತ್ತು. ಕೆಟ್ಟರೆ ಇನ್ನೊಂದು ತರಿಸಲು ಅವಳ ಹತ್ತಿರ ದುಡ್ಡೂ ಇಲ್ಲ, ಸಮಯವೂ ಇಲ್ಲ. ಅವಳದು ಹೋದರೆ ನನ್ನದೂ ಹೋಯಿತು.

೨. ಏನೂ ಇಲ್ಲದ ನೀರು

ಅದೇ ಆರ್ಡರಿನಲ್ಲಿ ಒಂದು ಸಣ್ಣ ಬಾಟಲಿ ನೀರೂ ಇತ್ತು. ಮಧ್ಯಾಹ್ನ ಅಂಗಡಿಗೆ ಊಟ ತಂದ ನನ್ನ ಹೆಂಡತಿ ಬಿಲ್ಲು ನೋಡಿದಳು.

"ರೀ, ನೀರಿಗೆ ಇಷ್ಟಾ? ಏನಿದೆ ಅದರಲ್ಲಿ?"

"ಏನೂ ಇಲ್ಲ. ಅದಕ್ಕೇ ಅಷ್ಟು."

ನನಗೆ ಹುಡುಗಿ ಹೇಳಿದ್ದನ್ನೇ ಅವಳಿಗೂ ಹೇಳಿದೆ. ನಮ್ಮ ಬೆರಳು, ಬೆವರು, ಉಗುಳು ಎಲ್ಲದರಲ್ಲೂ ಆರ್‌ಎನ್‌ಎಯನ್ನು ತಿಂದು ಹಾಕುವ ಇನ್ನೊಂದು ಕಿಣ್ವ ಇರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಮುಗಿಯಿತು. ಆದ್ದರಿಂದ ಅದು ಒಂಚೂರೂ ಇಲ್ಲದ ನೀರು ಬೇಕು. ಭದ್ರಾ ನೀರು, ತುಂಗಾ ನೀರು, ಕುದಿಸಿದ ನೀರು, ಯಾವುದೂ ಆಗುವುದಿಲ್ಲ.

ಅವಳು ಸಾರಿನ ಡಬ್ಬಿ ಬಿಚ್ಚಿ ಅನ್ನಕ್ಕೆ ಬಡಿಸಿದಳು. ಆಮೇಲೆ, "ಪಾಪ, ನಮ್ಮ ಹಾಲಿನವನಿಗೆ ಗೊತ್ತೇ ಇಲ್ಲ. ನೀರಿಗೆ ಇಷ್ಟು ಬೆಲೆ ಇರೋವಾಗ ಸುಮ್ಮನೆ ಹಾಲಿಗೆ ಸುರಿದು ಹಾಳು ಮಾಡ್ತಿದಾನೆ" ಅಂದಳು.

೩. ತಣ್ಣಗಿನ ತಂಬಾಕು

ಮಾಲು ಬೆಂಗಳೂರಿಗೆ ಬಂದು, ಅಲ್ಲಿಂದ ಕೊರಿಯರ್‌ನಲ್ಲಿ ನಮ್ಮೂರಿಗೆ ಬಂತು. ಬೆಳಿಗ್ಗೆ ಬಿಡಿಸಿಕೊಳ್ಳಲು ಹೋದರೆ ಕೊರಿಯರ್ ಆಫೀಸಿನಲ್ಲಿ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು ಪಾರ್ಸೆಲ್ ತಪಾಸಣೆ ಮಾಡುತ್ತಾ ಕೂತಿದ್ದಾರೆ. ಬಾಯಿ ತುಂಬ ಎಲೆಯಡಿಕೆ. ನನ್ನ ಬಿಲ್ಲು ಎತ್ತಿಕೊಂಡು, ಮೊದಲನೇ ಪದ ಓದಿ, ಹುಬ್ಬು ಏರಿಸಿದರು.

"ಟೊಬ್ಯಾಕೊ?"

"ಅದು ಹೆಸರು ಮಾತ್ರ ಸಾರ್. ತಂಬಾಕು ಗಿಡದ ಕೋಶದಿಂದ ತೆಗೀತಾರೆ. ಲ್ಯಾಬಿಗೆ."

"ತಂಬಾಕು ಗಿಡದಿಂದ ತೆಗೆದದ್ದು ತಂಬಾಕಲ್ಲದೆ ಬೆಲ್ಲ ಆಗುತ್ತೇನ್ರೀ? ತೆರಿಗೆ ಎಲ್ಲಿ ಕಟ್ಟಿದ್ದೀರಿ? ತೆಗೀರಿ ನೋಡೋಣ."

ಹೊರಗಿನ ರಟ್ಟಿನ ಡಬ್ಬಿ ಮಾತ್ರ ಬಿಚ್ಚಿದೆ. ಒಳಗಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಣ ಐಸು ಹಾಕಿ ಕಳಿಸಿದ್ದರು. ಅದು ಕರಗಿ ನೀರಾಗುವುದಿಲ್ಲ, ಆವಿಯಾಗುತ್ತದೆ. ಸಂದಿನಿಂದ ಬೆಳ್ಳಗೆ ಹೊರಗೆ ಬಂದು ಮೇಜಿನ ಮೇಲೆ ಹರಡಿತು.

ಅಧಿಕಾರಿ ಹಿಂದಕ್ಕೆ ವಾಲಿ, ಕೊರಿಯರ್‌ನವನ ಮುಖ ನೋಡಿ, ನನ್ನ ಮುಖ ನೋಡಿದರು. "ಹೊಗೆ ಬರ್ತಾ ಇದೆ. ಇನ್ನೂ ತಂಬಾಕಲ್ಲ ಅಂತೀರಾ?"

ವಾದ ಮಾಡಿದಷ್ಟು ಹೊತ್ತು ಐಸು ಕಡಿಮೆಯಾಗುತ್ತದೆ. ನಾನು ಬಿಲ್ಲಿನಲ್ಲಿ ಮಾಲಿನ ಅಳತೆ ಬರೆದಿದ್ದ ಜಾಗ ತೋರಿಸಿದೆ. "ಸಾರ್, ಒಳಗಿರೋದು ಇಷ್ಟು. ನಿಮ್ಮ ಬಾಯಲ್ಲಿ ಈಗ ಇರೋದರ ನೂರರಲ್ಲಿ ಒಂದು ಪಾಲೂ ಇಲ್ಲ. ಇಷ್ಟರಲ್ಲಿ ಸೊಳ್ಳೆಗೂ ಚಟ ಹತ್ತಲ್ಲ."

ಅವರು ಎದ್ದು ಹೋಗಿ ಉಗಿದು ಬಂದರು. ಆಮೇಲೆ ಗಂಭೀರವಾಗಿ ಪೆನ್ನು ತೆಗೆದು ಬಿಲ್ಲಿನ ಹಿಂದೆ ಷರಾ ಬರೆದರು: "ಪರಿಶೀಲಿಸಲಾಗಿದೆ. ಸದರಿ ತಂಬಾಕು ಸೇವನೆಗೆ ಯೋಗ್ಯವಲ್ಲ."

೪. ಗಟ್ಟಿಯಾಗದ ಮಾಲು

ಅಂಗಡಿಗೆ ಬಂದು ಹುಡುಗಿಗೆ ಫೋನ್ ಮಾಡಿದರೆ ಅವಳ ದನಿ ಅಳುವ ಹಾಗಿತ್ತು. "ಸರ್, ನಮ್ಮ ಫ್ರೀಜರಿನ ಕಂಪ್ರೆಸರ್ ಹೋಗಿದೆ. ದಸರಾ ಮುಗಿಯೋ ಹೊತ್ತಿಗೆ ಸರಿ ಮಾಡಿಕೊಡ್ತೀವಿ ಅಂದಿದಾರೆ. ಅಲ್ಲಿವರೆಗೆ ನೀವೇ ಇಟ್ಕೊಳ್ಳಿ. ಮೈನಸ್ ಇಪ್ಪತ್ತು ಡಿಗ್ರಿ."

ಮೈನಸ್ ಇಪ್ಪತ್ತು ನಮ್ಮೂರಿನಲ್ಲಿ ಎಲ್ಲಿದೆ? ನನ್ನ ಅಂಗಡಿಯ ಫ್ರಿಜ್ಜಿನಲ್ಲಿ ಮೊಸರು ಹುಳಿಯಾಗದಿದ್ದರೆ ಅದೇ ದೊಡ್ಡದು. ಕೊನೆಗೆ ಗೋಪಾಳ ಬಡಾವಣೆಯಲ್ಲಿ ಐಸ್‌ಕ್ರೀಮ್ ಪಾರ್ಲರ್ ಇಟ್ಟಿದ್ದ ಪರಿಚಯದವನ ಹತ್ತಿರ ಹೋದೆ. ಜನರೇಟರ್ ಇದ್ದ ಮನುಷ್ಯ. ಕರೆಂಟು ಹೋದರೂ ಚಿಂತೆಯಿಲ್ಲ. ಬಟರ್‌ಸ್ಕಾಚ್ ಡಬ್ಬಿಗಳ ಹಿಂದೆ ಜಾಗ ಮಾಡಿಕೊಟ್ಟ.

ವಾರದೊಳಗೆ ಅವನೇ ಅಂಗಡಿಗೆ ಬಂದ. ಸಾವು ತಿಳಿಸಲು ಬಂದವನ ಹಾಗೆ ಬಾಗಿಲಲ್ಲೇ ನಿಂತ.

"ಸಾವ್ಕಾರ್ರೆ, ಬೇಜಾರು ಮಾಡ್ಕೋಬೇಡಿ. ನಿಮಗೆ ಮೋಸ ಆಗಿದೆ."

"ಏನಾಯ್ತು ಮಾರಾಯ?"

"ದಿನಾ ನೋಡ್ತಾ ಇದೀನಿ. ಗಟ್ಟಿಯೇ ಆಗ್ತಿಲ್ಲ. ನನ್ನ ಕಲ್ಲಂಗಡಿ ಕುಲ್ಫಿ ಕಲ್ಲಾಗಿದೆ, ಇದು ನೀರ್ ನೀರಾಗೇ ಇದೆ. ನನ್ನ ಫ್ರೀಜರಿನಲ್ಲಿ ಸೆಟ್ ಆಗಲಿಲ್ಲ ಅಂದ್ರೆ ಮಾಲು ಡೂಪ್ಲಿಕೇಟು."

ತಕ್ಷಣ ಹುಡುಗಿಗೆ ಫೋನ್ ಮಾಡಿ ಕೇಳಿದೆ. ಅವಳು ನಕ್ಕಳು. ಅದರಲ್ಲಿ ಅರ್ಧಕ್ಕರ್ಧ ಗ್ಲಿಸರಿನ್ ಇರುತ್ತದಂತೆ. ಗಟ್ಟಿಯಾಗಿ ಕರಗಿ ಮತ್ತೆ ಗಟ್ಟಿಯಾದರೆ ಕಿಣ್ವ ಸಾಯುತ್ತದೆ, ಹಾಗಾಗಬಾರದು ಅಂತಲೇ ಹಾಕಿರುತ್ತಾರಂತೆ. ಫೋನ್ ಇಟ್ಟು ಅವನಿಗೆ ವಿವರಿಸಿದೆ.

ಅವನಿಗೆ ಸಮಾಧಾನವಾಯಿತು, ಬೇರೆ ರೀತಿಯಲ್ಲಿ. "ಗಟ್ಟಿಯಾಗದೆ ಇರೋದಕ್ಕೇ ಅಷ್ಟು ದುಡ್ಡು ಕೊಡೋ ಜನ ಇದಾರೆ ಅಂತ ಗೊತ್ತಿರಲಿಲ್ಲ. ಜನರೇಟರ್ ಕೈಕೊಟ್ಟ ದಿನ ನನ್ನ ಮಾಲೂ ಆ ಕಾಲೇಜಿಗೇ ಕಳಿಸ್ತೀನಿ."

೫. ಫ್ರೀಜರಿಗೆ ರಜ

ಆಯುಧಪೂಜೆ ಬಂತು. ಅಂಗಡಿಯ ತಕ್ಕಡಿ, ಗಾಜು ಕೊಯ್ಯುವ ಕತ್ತಿ, ಕ್ಯಾಲ್ಕುಲೇಟರ್ ಎಲ್ಲ ತೊಳೆದು ಒರೆಸಿ ವಿಭೂತಿ ಹಚ್ಚಿ ಸಾಲಾಗಿ ಇಟ್ಟಿದ್ದೆ. ಹೆಂಡತಿ ಫ್ರಿಜ್ಜಿಗೆ ಚೆಂಡುಹೂವಿನ ಹಾರ ಹಾಕಿ, ಗೋಡೆಯ ಹತ್ತಿರ ಹೋಗಿ ಟಕ್ ಅಂತ ಸ್ವಿಚ್ ಆರಿಸಿದಳು.

"ಯಾಕೆ ಆಫ್ ಮಾಡಿದೆ?"

"ವರ್ಷವೆಲ್ಲ ದುಡಿಯುತ್ತೆ. ಪೂಜೆ ದಿನವೂ ದುಡಿಸ್ತೀರಾ?"

ಆ ಮಾತು ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಊದಿನಕಡ್ಡಿ ಅವಳ ಕೈಗೆ ಕೊಟ್ಟು ಸ್ಕೂಟರ್ ಹತ್ತಿದೆ. ಹ್ಯಾಂಡಲ್ಲಿಗೆ ಕಟ್ಟಿದ್ದ ಬಾಳೆಕಂದು ಮೂತಿಗೆ ಬಡಿಯುತ್ತಿದ್ದರೂ ನಿಲ್ಲಿಸದೆ ಗೋಪಾಳಕ್ಕೆ ಹೋದೆ.

ಪಾರ್ಲರಿನವನು ನನಗಿಂತ ಶ್ರದ್ಧಾವಂತ. ಫ್ರೀಜರನ್ನು ಬರಿದು ಮಾಡಿ, ತೊಳೆದು, ಬಾಗಿಲು ತೆರೆದಿಟ್ಟು, ಮೂರು ಬೆರಳಿನ ವಿಭೂತಿ ಎಳೆದು, ಮುಂದೆ ಬೂದುಗುಂಬಳ ಒಡೆದಿದ್ದ. ಕರಗುತ್ತದೆ ಅಂತ ಇದ್ದಬದ್ದ ಐಸ್‌ಕ್ರೀಮನ್ನೆಲ್ಲ ಬೀದಿಗೆ ಹಂಚಿ ಮುಗಿಸಿದ್ದ. ಗೋಪಾಳದ ಮಕ್ಕಳೆಲ್ಲ ನಾಲಗೆ ಬಣ್ಣ ಬಣ್ಣ ಮಾಡಿಕೊಂಡು ಓಡಾಡುತ್ತಿದ್ದವು.

"ನನ್ನ ಟ್ಯೂಬೆಲ್ಲಿ ಮಾರಾಯ?"

"ಅದನ್ನ ಬಿಡ್ತೀನಾ ಸಾವ್ಕಾರ್ರೆ? ದೇವರ ಮುಂದೆ ಇದೆ."

ಹೌದು. ಉಳಿದ ಒಂದೇ ಒಂದು ವೆನಿಲ್ಲಾ ಡಬ್ಬಿಯನ್ನು ಐಸಿನ ಬಕೆಟ್ಟಿನಲ್ಲಿಟ್ಟು, ಅದರ ನಡುವಿಗೆ ನನ್ನ ಟ್ಯೂಬಿನ ಡಬ್ಬಿ ಹೂತು, ದೇವರ ಫೋಟೋದ ಮುಂದೆ ಇಟ್ಟಿದ್ದ. ಟ್ಯೂಬಿನ ಮೇಲೆ ಒಂದು ಬೊಟ್ಟು ಕುಂಕುಮ. "ಅಷ್ಟು ಬೆಲೆಯ ಆಯುಧ ನನ್ನ ಅಂಗಡಿಯಲ್ಲಿ ಬೇರೆ ಯಾವುದಿದೆ ಹೇಳಿ" ಅಂದ.

"ಸ್ವಿಚ್ ಹಾಕು ಮೊದಲು."

"ನಾಳೆ ಬೆಳಿಗ್ಗೆ ಮಂಗಳಾರತಿ ಮಾಡಿಯೇ ಹಾಕೋದು. ನಮ್ಮಪ್ಪನ ಕಾಲದಿಂದ ಹಾಗೇ."

ಅವನ ಅಪ್ಪನ ಕಾಲದಲ್ಲಿ ಫ್ರೀಜರೇ ಇರಲಿಲ್ಲ. ಆದರೆ ಪೂಜೆ ಮಾಡಿದವನ ಹತ್ತಿರ ತರ್ಕ ನಡೆಯುವುದಿಲ್ಲ. ಬಕೆಟ್ಟನ್ನು ಸ್ಕೂಟರಿನ ಮುಂದಿಟ್ಟುಕೊಂಡು ಊರೆಲ್ಲ ಸುತ್ತಿದೆ. ಬೇಕರಿಯ ಫ್ರೀಜರು ರಜದ ಮೇಲೆ. ಹಾಲಿನ ಬೂತಿನದು ರಜದ ಮೇಲೆ. ಔಷಧಿ ಅಂಗಡಿಗಳು ಬಾಗಿಲು ಹಾಕಿ ಹಾರ ಹಾಕಿಕೊಂಡಿದ್ದವು. ಊರಿನ ಕಬ್ಬಿಣಕ್ಕೆಲ್ಲ ಒಟ್ಟಿಗೆ ವಿಶ್ರಾಂತಿ.

ಗುರುತಿನ ಆಟೋದವನೊಬ್ಬ ದಾರಿ ತೋರಿಸಿದ. ಮಾರ್ಕೆಟ್ಟಿನಲ್ಲಿ ಮೀನಿನ ಸಾಹೇಬರ ಅಂಗಡಿ. ನಾವು ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆತನ. ಆ ಬೀದಿಯಲ್ಲಿ ಹೋಗುವಾಗ ಮೂಗಿನ ಮೇಲೆ ಕರ್ಚೀಫು ಇಟ್ಟುಕೊಳ್ಳುವುದು ನಮ್ಮ ತಂದೆ ಕಲಿಸಿದ ಮೊದಲ ಪಾಠ. ಆ ದಿನ ಎರಡೂ ಕೈಯಲ್ಲಿ ಬಕೆಟ್ಟಿತ್ತು.

ಸಾಹೇಬರ ಫ್ರೀಜರು ಗುಂಯ್ ಅನ್ನುತ್ತಿತ್ತು. ಅದಕ್ಕೂ ಒಂದು ಹಾರ ಬಿದ್ದಿತ್ತು.

"ನೀವು ಆಫ್ ಮಾಡಲಿಲ್ವಾ ಸಾಹೇಬ್ರೆ?"

"ನಮ್ಮ ಅಂಗಡಿ ಕೆಲಸದವರು ತಕ್ಕಡಿ, ಕತ್ತಿ, ಗಾಡಿ ಎಲ್ಲದಕ್ಕೂ ಪೂಜೆ ಮಾಡಿದಾರೆ ಸೇಠ್. ಫ್ರೀಜರಿಗೆ ಹೂ ಮಾತ್ರ. ಇದಕ್ಕೆ ರಜ ಕೊಟ್ರೆ ನಾಳೆ ಇಡೀ ಮಾರ್ಕೆಟ್ಟಿಗೆ ಗೊತ್ತಾಗುತ್ತೆ."

ಹೀಗೆ ಹೊಳಲೂರು ಭತ್ತದ ಭವಿಷ್ಯ, ನನ್ನ ವ್ಯಾಪಾರದ ಭವಿಷ್ಯ ಎರಡೂ ಹಣೆಗೆ ಕುಂಕುಮ ಇಟ್ಟುಕೊಂಡು ಬಂಗುಡೆ ಮೀನುಗಳ ಮಧ್ಯೆ ಮಲಗಿದವು.

೬. ಭದ್ರಾವತಿ ಬಸ್ಸು

ವಿಜಯದಶಮಿ ಬೆಳಿಗ್ಗೆ ಹುಡುಗಿಯ ಫೋನ್ ಬಂತು. ಫ್ರೀಜರು ರಿಪೇರಿಯಾಗಿದೆ, ರಜದ ದಿನವಾದರೂ ಲ್ಯಾಬಿನಲ್ಲೇ ಕಾಯುತ್ತಿದ್ದೇನೆ ಅಂದಳು. ಸಾಹೇಬರೂ ಅವಸರದಲ್ಲಿದ್ದರು. ಮಲ್ಪೆಯಿಂದ ಹೊಸ ಲೋಡು ಬರುತ್ತಿದೆ, ಜಾಗ ಬೇಕು. ಅವರೇ ಒಂದು ಥರ್ಮೋಕೋಲ್ ಡಬ್ಬಿಗೆ ಪುಡಿ ಐಸು ಸುರಿದು, ಹಿಡಿ ಹಿಡಿಯಾಗಿ ಉಪ್ಪು ಬೆರೆಸಿ, ನಡುವೆ ಟ್ಯೂಬಿಟ್ಟು ಟೇಪು ಸುತ್ತಿದರು. "ಉಪ್ಪು ಹಾಕಿದ್ರೆ ಐಸು ಇನ್ನೂ ತಣ್ಣಗಾಗುತ್ತೆ ಸೇಠ್. ಕಾಲೇಜು ಮುಟ್ಟೋವರೆಗೆ ಮುಚ್ಚಳ ಮಾತ್ರ ತೆಗೀಬೇಡಿ. ಒಂದು ಸಲ ಗಾಳಿ ಹೋದ್ರೆ ಮುಗೀತು."

ಟ್ಯಾಕ್ಸಿ ಮಾಡಿದರೆ ಲಾಭ ಟ್ಯಾಕ್ಸಿಯವನಿಗೆ. ಬಸ್ಸು ಹತ್ತಿದೆ. ಬಾಳೆಕಂದು, ಮಾವಿನ ತೋರಣ ಕಟ್ಟಿಕೊಂಡು ಮದುಮಗನ ಹಾಗಿದ್ದ ಬಸ್ಸು. ಒಳಗೆ ಕಾಲಿಡಲು ಜಾಗವಿಲ್ಲ.

"ಏನ್ ಯಜಮಾನ್ರೆ, ಭದ್ರಾವತಿ ಕಡೆಗಾ? ಬನ್ನಿ ಬನ್ನಿ, ಇಲ್ಲೇ ಕೂತ್ಕೊಳ್ಳಿ."

ಕರೆದವರು ಭದ್ರಾವತಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ರಿಟೈರ್ ಆಗಿದ್ದವರು. ನಮ್ಮವರೇ. ಹಿಂದಿನ ವಾರವಷ್ಟೇ ತಮ್ಮ ಮಗನಿಗೆ ನನ್ನ ಮಗಳನ್ನು ನೋಡಿ, ಕೇಸರಿಬಾತು ತಿಂದು, ದಸರಾ ಕಳೆದ ಮೇಲೆ ತಿಳಿಸ್ತೀವಿ ಅಂದು ಹೋಗಿದ್ದರು. ಪಕ್ಕದಲ್ಲಿ ಅವರ ಮನೆಯವರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಮಡಿ. ಮೂರು ಜನರ ಸೀಟಿನಲ್ಲಿ ನನಗೆ ಜಾಗ ಬಿಟ್ಟರು. ಫೋರ್‌ಮನ್ನರು ಜೇಬಿನಿಂದ ಬನ್ನಿ ಎಲೆ ತೆಗೆದು ಕೊಟ್ಟರು. ಒಂದು ಕೈಯಲ್ಲಿ ಇಸಿದುಕೊಂಡೆ. ಇನ್ನೊಂದು ಕೈ ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಿತ್ತು.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಆ ತಾಯಿ ಸೆರಗನ್ನು ಮೂಗಿಗೆ ತಂದರು. "ಎಂಥದೋ ವಾಸನೆ."

"ಹಿಂದೆ ಯಾರೋ ಇರಬೇಕು" ಅಂದೆ.

ಕಂಡಕ್ಟರ್ ಮೂಗು ಮುಂದೆ ಮಾಡಿಕೊಂಡು ಬಂದ. ನೇರ ನನ್ನ ತೊಡೆಯ ಮೇಲೆ ಬಗ್ಗಿದ. "ಯಜಮಾನ್ರೆ, ನಿಮ್ಮ ಡಬ್ಬಿ ಸೋರ್ತಾ ಇದೆ. ಮೀನಾ?"

"ಅಲ್ಲಪ್ಪ. ಕಾಲೇಜಿಗೆ. ಔಷಧಿ ಥರದ್ದು."

"ಏನ್ ಮಾಡುತ್ತೆ ಆ ಔಷಧಿ?"

ಆ ಗಾಬರಿಯಲ್ಲಿ ನನಗೆ ಬೇರೇನೂ ತೋಚಲಿಲ್ಲ. "ಮುಚ್ಚಳ ತೆಗೆಯುತ್ತೆ."

"ಯಾವುದರ ಮುಚ್ಚಳ?"

"ಕಣ್ಣಿಗೆ ಕಾಣಲ್ಲ."

"ಸರಿ. ಹಾಗಾದ್ರೆ ಇದರ ಮುಚ್ಚಳ ತೆಗೀರಿ, ನೋಡೋಣ."

"ತೆಗೆಯೋ ಹಾಗಿಲ್ಲ."

ಅವನು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ: "ಮುಚ್ಚಳ ತೆಗೆಯೋ ಔಷಧಿ ಅಂತೆ. ಮುಚ್ಚಳ ತೆಗೆಯೋ ಹಾಗಿಲ್ಲ ಅಂತೆ." ಡ್ರೈವರ್ ಕೂಡ ತಿರುಗಿ ನೋಡಿ ನಕ್ಕ.

ಫೋರ್‌ಮನ್ನರು ಮೆಲ್ಲಗೆ ನನ್ನ ಮೊಣಕೈ ಮುಟ್ಟಿದರು. "ತೆಗೆದು ತೋರಿಸಿಬಿಡಿ ಯಜಮಾನ್ರೆ. ನಾಲ್ಕು ಜನರ ಮುಂದೆ ಅನುಮಾನ ಯಾಕೆ?" ಅವರ ಮನೆಯವರು ಕಿಟಕಿಯಾಚೆ ನೋಡುತ್ತಿದ್ದರು. ಕಿವಿ ಮಾತ್ರ ಇತ್ತ ಇತ್ತು.

ಬಿಲ್ಲು ತೋರಿಸೋಣವೆಂದು ಜೇಬಿಗೆ ಕೈ ಹಾಕಿದೆ. ಅರ್ಧ ತೆಗೆದವನು ಹಾಗೇ ಒಳಗೆ ಇಟ್ಟೆ. ಅದರಲ್ಲಿ ಎರಡನೇ ಪದವೇ ಆಸಿಡ್.

ಕಂಡಕ್ಟರ್ ಕೊನೆಯ ಮಾತು ಹೇಳಿದ. "ನೋಡಿ, ಮೀನಾದ್ರೆ ಲಗೇಜ್ ಟಿಕೆಟ್ ಹರೀತೀನಿ, ಹಿಂದಿನ ಸೀಟಿನ ಕೆಳಗೆ ಇಟ್ಕೊಳ್ಳಿ. ಔಷಧಿ ಅಂದ್ರೆ ತೆಗೆದು ತೋರಿಸ್ಬೇಕು, ಇಲ್ಲಾ ಟಾಪಿಗೆ ಹಾಕ್ಬೇಕು."

ಟಾಪಿನ ಮೇಲೆ ಬಿಸಿಲು ಕಾದ ಹಂಚಿನ ಹಾಗಿತ್ತು. ಕೂತಲ್ಲೇ ಲೆಕ್ಕ ಹಾಕಿದೆ. ಮುಚ್ಚಳ ತೆಗೆದರೆ ಸಂಬಂಧ ಉಳಿಯುತ್ತದೆ, ಲ್ಯಾಬು ಹೋಗುತ್ತದೆ, ಆ ಹುಡುಗಿಯ ವರ್ಷಗಟ್ಟಲೆಯ ಕೆಲಸವೂ ಹೋಗುತ್ತದೆ. ತೆಗೆಯದಿದ್ದರೆ ಒಂದು ಗಂಡು ಹೋಗುತ್ತಾನೆ. ಗಂಡುಗಳು ಇನ್ನೂ ಸಿಗುತ್ತಾರೆ. ಆ ಕಿಣ್ವ ಸಿಗುವುದಿಲ್ಲ.

"ಮೀನು ಅಂತಲೇ ಬರ್ಕೋಪ್ಪ. ಟಿಕೆಟ್ ಹರಿ" ಅಂದೆ.

ಆ ತಾಯಿ ಎದ್ದು ಮುಂದಿನ ಸೀಟಿಗೆ ಹೋದರು. ಭದ್ರಾವತಿಯಲ್ಲಿ ಇಳಿದು ಇಬ್ಬರೂ ಹಿಂದೆ ತಿರುಗದೆ ನಡೆದರು. ಇಳಿಯುವ ಮೊದಲು ಫೋರ್‌ಮನ್ನರು ಮಾತ್ರ ನನ್ನ ಡಬ್ಬಿಯನ್ನು ಒಂದು ಕ್ಷಣ ನೋಡಿದ್ದರು.

ಲ್ಯಾಬಿನಲ್ಲಿ ಹುಡುಗಿ ಕೈಗೆ ಗ್ಲೌಸ್ ಹಾಕಿಕೊಂಡು ಟೇಪು ಬಿಚ್ಚಿದಳು. ಐಸು ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಟ್ಯೂಬನ್ನು ಬೆಳಕಿಗೆ ಹಿಡಿದು, "ಸರ್, ಕುಂಕುಮ?" ಅಂದಳು. ಆಯುಧಪೂಜೆ ಆಗಿದೆ ಅಂದೆ. ಒರೆಸಲಿಲ್ಲ. ಹಾಗೇ ಫ್ರೀಜರಿನೊಳಗೆ ಇಟ್ಟಳು. ದಸರಾ ರಜ ಮುಗಿದ ಮೇಲೆ ಒಂದು ಸಂಜೆ ಫೋನ್ ಮಾಡಿ, "ಬಂತು ಸರ್" ಅಂದಳು. ಏನು ಬಂತು ಅಂತ ಕೇಳಲಿಲ್ಲ. ದನಿಯಲ್ಲೇ ಗೊತ್ತಾಯಿತು. ಅದಾದ ಸ್ವಲ್ಪ ದಿನಕ್ಕೆ ಆ ಮಾತು ಕಡಿಮೆಯ ಮೇಡಂ ಕೂಡ ಫೋನ್ ಮಾಡಿ, "ಕೊಟೇಶನ್ ತನ್ನಿ" ಅಂದು ಇಟ್ಟರು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಫೋರ್‌ಮನ್ನರು ಒಬ್ಬರೇ ನನ್ನ ಅಂಗಡಿಗೆ ಬಂದರು. ಬೇಡ ಅನ್ನುವುದನ್ನು ಮರ್ಯಾದೆಯಿಂದ ಹೇಳಲು ಬಂದಿದ್ದಾರೆ ಅಂದುಕೊಂಡು ಕಾಫಿ ತರಿಸಿದೆ. ಅವರು ಕುಡಿದು ಮುಗಿಸಿ, ನನ್ನ ಹೆಂಡತಿ ಒಳಗಿದ್ದಾಳೆಯೇ ಅಂತ ಇಣುಕಿ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಆ ದಿನದ್ದು ಯಾವ ಅಂಗಡಿಯಿಂದ ತಂದ್ರಿ?"

"ನೀವು ತಪ್ಪು ತಿಳ್ಕೋಬೇಡಿ. ಅದು ಮೀನಲ್ಲ. ಒಂದು ಕಿಣ್ವ."

"ನನ್ನ ಹತ್ರ ಯಾಕೆ ಯಜಮಾನ್ರೆ ಮುಚ್ಚುಮರೆ? ಸರ್ವಿಸ್ ಪೂರ್ತಿ ಕ್ಯಾಂಟೀನಿನಲ್ಲಿ ತಮಿಳು ಸ್ನೇಹಿತರ ಡಬ್ಬಿಯಿಂದ ತಿಂದವನು ನಾನು. ವಾಸನೆ ಹಿಡಿದೇ ಹೇಳ್ತೀನಿ. ಅದು ಬಂಗುಡೆ."

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ರಿಟೈರ್ ಆದ ಮೇಲೆ ನಾಲಗೆ ಸತ್ತೇ ಹೋಗಿದೆ. ನಮ್ಮವಳಿಗೆ ಗೊತ್ತಾದ್ರೆ ಮನೆಯೊಳಗೆ ಸೇರಿಸಲ್ಲ. ಇಂಥ ಬೀಗರು ಸಿಗೋದು ನನ್ನ ಪುಣ್ಯ. ಅವಳು ಈ ಸಂಬಂಧ ಬೇಡವೇ ಬೇಡ ಅಂತ ಕೂತಿದ್ಲು. ನಾನೇ ಕಷ್ಟಪಟ್ಟು ಒಪ್ಪಿಸಿದೆ. ಅದು ಕಾಲೇಜಿನ ಔಷಧಿ, ತಣ್ಣಗಿರಬೇಕು, ಮುಚ್ಚಳ ತೆಗೆದ್ರೆ ಕೆಡುತ್ತೆ ಅಂತ ಬಾಯಿಗೆ ಬಂದ ಸುಳ್ಳೆಲ್ಲ ಹೇಳಿದೆ. ನಂಬಿಬಿಟ್ಲು."

"ಅದು ಸುಳ್ಳಲ್ಲ. ಅದೇ ನಿಜ."

"ಭೇಷ್. ಯಾರು ಕೇಳಿದ್ರೂ ಹೀಗೇ ಹೇಳಿ" ಅಂದು ತೊಡೆ ತಟ್ಟಿದರು.

ಇನ್ನೊಂದು ಸಲ ವಿವರಿಸೋಣವೆಂದು ಬಿಲ್ಲು ಹುಡುಕಲು ಎದ್ದವನು ಹಾಗೇ ಕೂತೆ. ಗಿರಾಕಿಗೆ ತೃಪ್ತಿಯಾದ ಮೇಲೆ ಮಾಲಿನ ವಿವರ ಹೇಳುವವನು ವ್ಯಾಪಾರಿಯಲ್ಲ.

ಗೋಪಾಳದ ಆ ಪಾರ್ಲರು ಈಗ ಇಲ್ಲ. ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಹುಡುಗಿ ಈಗ ಬೇರೆ ಊರಿನಲ್ಲಿ ಪಾಠ ಹೇಳುತ್ತಾಳೆ. ಬೀಗರು ಮಾತ್ರ ಪ್ರತಿ ತಿಂಗಳು ಶಿವಮೊಗ್ಗಕ್ಕೆ ಬರುತ್ತಾರೆ. ಸಾಹೇಬರ ಅಂಗಡಿಯ ಪಕ್ಕದ ಹೋಟೆಲಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವರು ಗೋಡೆಯ ಕಡೆ ಮುಖ ಮಾಡಿ ಫ್ರೈ ತಿನ್ನುತ್ತಾರೆ, ನಾನು ಎದುರಿಗೆ ನಿಂಬೆ ಸೋಡಾ ಕುಡಿಯುತ್ತೇನೆ. "ನನ್ನ ಮುಂದೆ ಸಂಕೋಚ ಯಾಕೆ ಬೀಗ್ರೆ, ನೀವೂ ತಗೊಳ್ಳಿ" ಅನ್ನುವುದನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ಬೇಡ ಅಂದರೆ, ನನ್ನ ಹೆಂಡತಿಗೆ ಹೆದರುತ್ತೇನೆ ಅಂದುಕೊಂಡು ನಗುತ್ತಾರೆ.

ಆ ಟ್ಯೂಬಿನಿಂದ ನನಗೆ ಆದ ಒಟ್ಟು ಲಾಭ: ಒಂದು ಲ್ಯಾಬು, ಒಬ್ಬ ಅಳಿಯ, ಮತ್ತು ಒಂದು ತುಂಡೂ ಬಾಯಿಗೆ ಹಾಕದೆ ಸಂಪಾದಿಸಿದ ಮೀನು ತಿನ್ನುವವನೆಂಬ ಹೆಸರು.